ಧಾರವಾಡಕ್ಕೆ ಹೋಗಲಾ, ಮನೆಯಲ್ಲೇ ಆನ್‌ಲೈನ್ ಓದಲಾ?

ಕೆಎಎಸ್ (ಕರ್ನಾಟಕ ಆಡಳಿತ ಸೇವೆ) ಪರೀಕ್ಷೆಯ ತಯಾರಿಗೆ ಯಾವುದು ಒಳ್ಳೇದು ಅಂತ ಕೇಳಿದ್ದೀಯ ತಂಗಿ.

ಖರ್ಚು ನೋಡಿದರೆ ಆನ್‌ಲೈನ್ ಹಗುರ. ಧಾರವಾಡದಲ್ಲಿ ಕೋಚಿಂಗ್ ಫೀಸಿನ ಜೊತೆ ಪಿಜಿ ಬಾಡಿಗೆ, ಊಟದ ಲೆಕ್ಕ ಪ್ರತಿ ತಿಂಗಳೂ ಬರುತ್ತದೆ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ 'ಸ್ವಯಂ'ನಲ್ಲಂತೂ ಪಾಠ ಪುಕ್ಕಟೆ, ಪ್ರಮಾಣಪತ್ರ ಬೇಕಿದ್ದರೆ ಮಾತ್ರ ಪರೀಕ್ಷಾ ಶುಲ್ಕ. ಆದರೆ ಅಲ್ಲಿ ಇಂಗ್ಲಿಷ್ ಪಾಠಗಳೇ ಜಾಸ್ತಿ.

ಪ್ರಿಲಿಮ್ಸ್‌ನಲ್ಲಿ, ಅಂದ್ರೆ ಮೊದಲ ಹಂತದ ಪರೀಕ್ಷೆಯಲ್ಲಿ, ಕೊಟ್ಟ ಆಯ್ಕೆಗಳಿಂದ ಉತ್ತರ ಆರಿಸಿದರೆ ಸಾಕು. ಅದಕ್ಕೆ ವಿಡಿಯೊ ತುಂಬಾ ಅನುಕೂಲ, ಅರ್ಥವಾಗದ ಲೆಕ್ಕವನ್ನು ನಿಲ್ಲಿಸಿ ನಾಲ್ಕು ಸಲ ನೋಡಬಹುದು. ಅದಾದ ಮೇಲಿನ ಮುಖ್ಯ ಪರೀಕ್ಷೆ ಮೇನ್ಸ್ ಹಾಗಲ್ಲ, ಪುಟಗಟ್ಟಲೆ ಬರೆಯಬೇಕು. ನೀನು ಬರೆದ ಹಾಳೆಯನ್ನು ಯಾರಾದರೂ ಕೈಯಲ್ಲಿ ಹಿಡಿದು, ಅಂಚಿನಲ್ಲಿ ಕೆಂಪು ಪೆನ್ನಿನಿಂದ 'ಉದಾಹರಣೆ ಎಲ್ಲಿ?' ಅಂತ ಗೀಚಬೇಕು. ರೆಕಾರ್ಡ್ ಆದ ಪಾಠ ಅದನ್ನು ಮಾಡಲ್ಲ. ಆನ್‌ಲೈನ್ ಸೇರುವುದಾದರೆ ಉತ್ತರ ತಿದ್ದಿ ಕೊಡ್ತಾರಾ ಅಂತ ಮೊದಲೇ ಕೇಳು.

ಕೆಲಸದಲ್ಲಿದ್ದೀಯ, ಊರಲ್ಲಿ ನೆಟ್‌ವರ್ಕ್ ಚೆನ್ನಾಗಿದೆ ಅಂದ್ರೆ ಪ್ರಿಲಿಮ್ಸ್‌ವರೆಗೆ ಆನ್‌ಲೈನ್ ಹಿಡಿ. ಮನೆಯಲ್ಲಿ ಪುಸ್ತಕ ತೆರೆದ ಕೂಡಲೇ ಯಾರಾದರೂ ಕೆಲಸಕ್ಕೆ ಕರೀತಾರೆ ಅಲ್ವಾ? ಹಾಗಿದ್ದರೆ ಸಾಲ ಮಾಡದೆ ಹೊಂದಿಸಲು ಆಗುವಷ್ಟು ತಿಂಗಳಾದರೂ ಧಾರವಾಡದಲ್ಲಿರು.