ಸ್ನೋ ಡೇ ತೆಗೆದು ವರ್ಚುವಲ್ ಕ್ಲಾಸ್: ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಸರ್ವೀಸ್‌ಗೆ 5ಕ್ಕೆ 2 ಸ್ಟಾರ್

ಸ್ನೋ ಜಾಸ್ತಿ ಬಿದ್ರೆ ಸ್ಕೂಲಿಗೆ ಕೊಡ್ತಿದ್ದ ರಜೆನೇ ಸ್ನೋ ಡೇ, ಈಗ ಅದ್ರ ಬದ್ಲು ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ (ಈ ಭಾಗದ ಸರ್ಕಾರಿ ಸ್ಕೂಲ್‌ಗಳನ್ನ ನಡೆಸೋ ಆಡಳಿತ) ಮನೆಯಿಂದ್ಲೇ ಆನ್‌ಲೈನ್ ಕ್ಲಾಸ್ ಇಡುತ್ತೆ. ಮೊದ್ಲೇ ಹೇಳ್ಬಿಡ್ತೀನಿ, ದೊಡ್ಡ ಮಕ್ಕಳಿದ್ರೆ ಪರವಾಗಿಲ್ಲ, ಮೂರು ಸ್ಟಾರ್ ಕೊಡಬಹುದು. ಕಿಂಡರ್‌ಗಾರ್ಟನ್‌ನಿಂದ ಮೂರನೇ ಗ್ರೇಡ್‌ವರೆಗಿನ ಮಕ್ಕಳಿದ್ರೆ ಒಂದೇ ಸ್ಟಾರ್, ಅದೂ ಟೀಚರ್ ಪಡೋ ಕಷ್ಟ ನೋಡಿ. ಎರಡೂ ಸೇರ್ಸಿ ಎರಡು. ನಾವಿರೋದು ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾದಿಂದ ಸ್ವಲ್ಪ ಹೊರಗೆ. ಮಗ ಎಂಟನೇ ಗ್ರೇಡು, ಮಗಳು ಎರಡನೇ ಗ್ರೇಡು, ಹಂಗಾಗಿ ಒಂದೇ ಮನೇಲಿ ಈ ಸರ್ವೀಸಿನ ಎರಡು ಮುಖಾನೂ ನೋಡ್ತಿದೀನಿ. ಡಿಸ್ಟ್ರಿಕ್ಟ್ ಹೆಸರು ಹಾಕಲ್ಲ, ಅಕ್ಕಪಕ್ಕದ ಡಿಸ್ಟ್ರಿಕ್ಟ್‌ಗಳಲ್ಲಿರೋ ನಮ್ಮ ಕನ್ನಡದವ್ರನ್ನ ಕೇಳಿದ್ರೂ ಹೆಚ್ಚುಕಮ್ಮಿ ಇದೇ ಕಥೆ.

ಗೊತ್ತಿಲ್ಲದವ್ರಿಗೆ ಒಂಚೂರು ಹಿನ್ನೆಲೆ. 2019ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆ್ಯಕ್ಟ್ 64 ಅಂತ ಒಂದು ಕಾನೂನು ಬಂತು, ಅದ್ರಲ್ಲಿ ಫ್ಲೆಕ್ಸಿಬಲ್ ಇನ್‌ಸ್ಟ್ರಕ್ಷನಲ್ ಡೇ ಅಂತಿದೆ, ಎಲ್ರೂ ಎಫ್‌ಐಡಿ ಅಂತಾರೆ, ವರ್ಷಕ್ಕೆ ಹೆಚ್ಚು ಅಂದ್ರೆ 5 ದಿನ. ಸ್ಕೂಲ್ ಬಾಗಿಲು ತೆಗೆಯಕ್ಕಾಗದ ದಿನ ಮನೆಯಿಂದ್ಲೇ ಪಾಠ ನಡೆಸಿದ್ರೆ ಅದೂ ಸ್ಕೂಲ್ ನಡೆದ ದಿನ ಅಂತಾನೇ ಲೆಕ್ಕ, ಆದ್ರೆ ಡಿಸ್ಟ್ರಿಕ್ಟ್ ಮುಂಚೇನೇ ರಾಜ್ಯದ ಶಿಕ್ಷಣ ಇಲಾಖೆಗೆ ಅರ್ಜಿ ಹಾಕಿ ಒಪ್ಪಿಗೆ ತಗೊಂಡಿರಬೇಕು. ಕೋವಿಡ್ ಆದ್ಮೇಲೆ ಶುರುವಾಗಿದ್ದು ಅನ್ಕೊಂಡಿರೋರು ತುಂಬ ಜನ ಇದಾರೆ, ಇಲ್ಲ, ಕೋವಿಡ್‌ಗಿಂತ ಮುಂಚೆನೇ ಬಂದಿದ್ದು. ಇನ್ನೊಂದು ವಿಷ್ಯ ನೆನಪಿಟ್ಕೊಳಿ, ಮುಂದೆ ಬೇಕಾಗುತ್ತೆ: ಇದನ್ನ ಇಂಟರ್ನೆಟ್ಟಲ್ಲೇ ಮಾಡ್ಬೇಕು ಅಂತ ಕಾನೂನಿಲ್ಲ, ಪೇಪರ್ ಕೊಟ್ಟೂ ಮಾಡಬಹುದು. ಒಹಾಯೋದಲ್ಲಿ ಇದಕ್ಕಿಂತ ಎಷ್ಟೋ ವರ್ಷ ಮುಂಚೇನೇ ಬ್ಲಿಜರ್ಡ್ ಬ್ಯಾಗ್ ಅಂತ ಮಾಡ್ತಿದ್ರು, ಚಳಿಗಾಲ ಶುರುವಾಗೋ ಮುಂಚೆ ಒಂದಷ್ಟು ದಿನದ ವರ್ಕ್‌ಶೀಟ್ ಕಟ್ಟು ಮನೆಗೆ ಕಳ್ಸೋದು, ಸ್ನೋ ಬಿದ್ದ ದಿನ ಅದನ್ನ ಬಿಚ್ಚಿ ಮಾಡೋದು. ನಮ್ಮಿಂದ ಡೆಲವೇರ್ ನದಿ ದಾಟಿದ್ರೆ ನ್ಯೂಜೆರ್ಸಿ, ಅಲ್ಲಿ ಒಂದೆರಡು ದಿನದ ಸ್ನೋಗೆ ವರ್ಚುವಲ್ ಕ್ಲಾಸ್ ಇಟ್ರೆ ವರ್ಷಕ್ಕೆ ಸ್ಕೂಲ್ ನಡೀಲೇಬೇಕಾದ 180 ದಿನದ ಲೆಕ್ಕಕ್ಕೆ ಬರಲ್ಲ, ಅದಕ್ಕೇ ಅಲ್ಲಿಯವ್ರು ಕ್ಯಾಲೆಂಡರಲ್ಲೇ ಸ್ನೋ ಡೇ ಅಂತ ಎತ್ತಿಟ್ಟಿರ್ತಾರೆ, ಮೀರಿದ್ರೆ ಸ್ಪ್ರಿಂಗ್ ಬ್ರೇಕಲ್ಲೋ ಜೂನಲ್ಲೋ ಕಿತ್ಕೊಳ್ತಾರೆ.

ಈಗ ಸರ್ವೀಸ್ ಹೆಂಗಿದೆ ಅನ್ನೋದಕ್ಕೆ ಬರ್ತೀನಿ. ಮುನ್ಸೂಚನೆ ಕೊಡೋದ್ರಲ್ಲಿ ತುಂಬ ಚೆನ್ನಾಗಿದಾರೆ, ಇದನ್ನ ಮನಸಾರೆ ಹೇಳ್ತೀನಿ. ಸ್ನೋ ಸ್ಟಾರ್ಮ್ ಬರುತ್ತೆ ಅಂತ ಗೊತ್ತಾದ ತಕ್ಷಣ ಹಿಂದಿನ ದಿನ ಮಧ್ಯಾಹ್ನಾನೇ ಮೆಸೇಜ್ ಬರುತ್ತೆ, ನಾಳೆ ಎಫ್‌ಐಡಿ ಆಗಬಹುದು, ಕ್ರೋಮ್‌ಬುಕ್ಕು ಚಾರ್ಜರ್ ಎರಡೂ ಬ್ಯಾಗಲ್ಲಿ ಕಳ್ಸಿದೀವಿ ನೋಡ್ಕೊಳಿ ಅಂತ. ಮೊದ್ಲೆಲ್ಲ ಬೆಳಗಿನ ಜಾವ ಐದೂವರೆಗೆ ಫೋನ್ ಹೊಡ್ಕೊಳ್ಳೋದು, ಅದೂ ಟೂ ಅವರ್ ಡಿಲೇ ಅಂತ ಒಂದ್ಸಲ, ಆಮೇಲೆ ಪೂರ್ತಿ ಕ್ಲೋಸ್ ಅಂತ ಇನ್ನೊಂದ್ಸಲ. ಕೆಲಸಕ್ಕೆ ಹೋಗೋರಿಗೆ ರಾತ್ರೀನೇ ಗೊತ್ತಾದ್ರೆ ಎಷ್ಟೋ ನೆಮ್ಮದಿ, ಯಾರು ಮನೇಲಿರ್ಬೇಕು ಅಂತ ಗಂಡ ಹೆಂಡ್ತಿ ಮಲಗೋ ಮುಂಚೆ ಮಾತಾಡ್ಕೋಬಹುದು.

ಮಗನ ಕ್ಲಾಸು ನಿಜವಾಗ್ಲೂ ನಡೆಯುತ್ತೆ. ತಾನೇ ಎದ್ದು ಸೀರಿಯಲ್ ತಿಂದು ರೂಮಿಗೆ ಹೋಗಿ ಲಾಗಿನ್ ಆಗ್ತಾನೆ, ಒಂದೊಂದು ಪೀರಿಯಡ್ಡೂ ಅರ್ಧಗಂಟೆಗಿಂತ ಕಮ್ಮಿ, ಮ್ಯಾಥ್ ಟೀಚರ್ ಒಂದು ಕಾನ್ಸೆಪ್ಟ್ ಹೇಳಿ ಪ್ರಾಕ್ಟೀಸ್ ಕೊಟ್ಟು ಡೌಟ್ ಇದ್ದವ್ರು ಉಳೀರಿ ಮಿಕ್ಕವ್ರು ಹೋಗಿ ಅಂತಾರೆ. ಹನ್ನೆರಡೂವರೆ ಒಂದು ಗಂಟೆಗೆಲ್ಲ ಮುಗಿಸಿ ಶವೆಲ್ ಹಿಡ್ಕೊಂಡು ಡ್ರೈವ್‌ವೇಗೆ ಬರ್ತಾನೆ. ಆ ವಯಸ್ಸಿನ ಮಕ್ಕಳಿಗೆ ಕಂಪ್ಯೂಟರ್ ಮುಂದೆ ಕೂತು ಕಲಿಯಕ್ಕೆ ಬರುತ್ತೆ, ಟೀಚರ್‌ಗೂ ಏನು ಬಿಡ್ಬೇಕು ಏನು ಹಿಡೀಬೇಕು ಅಂತ ಅಂದಾಜಿದೆ. ಪಿಇ ಕ್ಲಾಸಿಗೆ ಹೊರಗೆ ಹೋಗಿ ಸ್ನೋ ತೆಗೀರಿ ಅದೇ ವರ್ಕೌಟ್ ಅಂತ ಅಸೈನ್‌ಮೆಂಟ್ ಕೊಟ್ಟಿದ್ರು, ನಂಗೆ ತುಂಬ ಇಷ್ಟ ಆಯ್ತು. ಇಲ್ಲಿಗೆ ಮೂರು ಸ್ಟಾರ್ ಖಂಡಿತ.

ಮಗಳ ಕಡೆ ಬನ್ನಿ. ಏಳು ವರ್ಷದ ಮಗು. ಕ್ಯೂಆರ್ ಕೋಡ್ ಇರೋ ಬ್ಯಾಡ್ಜ್ ಕ್ಯಾಮೆರಾ ಮುಂದೆ ಹಿಡಿದು ಲಾಗಿನ್ ಆಗ್ಬೇಕು, ಕೈ ಅಲ್ಲಾಡ್ಸಿದ್ರೆ ಓದಲ್ಲ, ಓದಿದ್ರೆ ಲಿಂಕ್ ಎಲ್ಲಿದೆ ಹುಡುಕ್ಬೇಕು, ಲಿಂಕ್ ಸಿಕ್ಕಿ ಒಳಗೆ ಹೋಗೋಷ್ಟರಲ್ಲಿ ಟೀಚರ್ ಮಾರ್ನಿಂಗ್ ಮೀಟಿಂಗ್ ಅರ್ಧ ಮುಗಿಸಿರ್ತಾರೆ. ಇಪ್ಪತ್ತು ಮಕ್ಕಳಲ್ಲಿ ಒಬ್ಬ ಮ್ಯೂಟ್ ತೆಗ್ದು ನಾಯಿ ತೋರಿಸ್ತಿರ್ತಾನೆ, ಇನ್ನೊಬ್ಳು ಕೇಳಿಸ್ತಿಲ್ಲ ಕೇಳಿಸ್ತಿಲ್ಲ ಅಂತ ಅಳ್ತಿರ್ತಾಳೆ, ಪಾಪ ಆ ಟೀಚರ್ ನಗುನಗ್ತಾ ಒಬ್ಬೊಬ್ರ ಹೆಸರು ಹಿಡಿದು ಕರೀತಿರ್ತಾರೆ, ಅವ್ರ ತಾಳ್ಮೆಗೆ ಕೈಮುಗೀಬೇಕು. ಹತ್ತು ನಿಮಿಷ ಆದ್ರೆ ಅಮ್ಮಾ ಸ್ಕ್ರೀನ್ ಹೋಯ್ತು, ಅಮ್ಮಾ ಇದನ್ನ ಎಲ್ಲಿ ಒತ್ತೋದು, ಅಮ್ಮಾ ಫೋಟೋ ತೆಗಿ ಅಪ್‌ಲೋಡ್ ಮಾಡ್ಬೇಕಂತೆ. ಅದೇ ಹೊತ್ತಿಗೆ ನಂದು ಆಫೀಸ್ ಕಾಲ್. ಅವ್ರಪ್ಪ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡೋರು, ಎಷ್ಟು ಸ್ನೋ ಬಿದ್ರೂ ಹೋಗ್ಲೇಬೇಕು. ಅಂದ್ರೆ ಈ ವಯಸ್ಸಿಗೆ ವರ್ಚುವಲ್ ಕ್ಲಾಸಲ್ಲಿ ಪಾಠ ಮಾಡ್ತಿರೋದು ಮನೇಲಿರೋ ಅಪ್ಪನೋ ಅಮ್ಮನೋ, ಸ್ಕೂಲು ಅಟೆಂಡೆನ್ಸ್ ಮಾತ್ರ ಹಾಕೊಳ್ತಿದೆ.

ನಾನಾದ್ರೂ ಮನೆಯಿಂದ ಕೆಲಸ ಮಾಡ್ತೀನಿ. ಗೆಳತಿ ಒಬ್ರು ನರ್ಸು, ಅವ್ರ ಮನೆಯವ್ರಿಗೆ ವೇರ್‌ಹೌಸಲ್ಲಿ ಶಿಫ್ಟು. ಅವ್ರ ಮನೇಲಿ ಆರನೇ ಗ್ರೇಡ್ ಹುಡುಗಿ ತನ್ನ ಕ್ಲಾಸ್ ಬಿಟ್ಟು ತಮ್ಮನ್ನ ಲಾಗಿನ್ ಮಾಡಿಸ್ತಾಳೆ, ಆಮೇಲೆ ಅವಳ ಹೆಸರಿಗೇ ಆ್ಯಬ್ಸೆಂಟ್ ಬೀಳುತ್ತೆ. ಬರೀ ರಜೆ ಅಂದಿದ್ರೆ ಇಬ್ರೂ ಆಡ್ಕೊಂಡಿರ್ತಿದ್ರು, ಪಕ್ಕದ ಮನೆ ಆಂಟಿ ಒಂದ್ಸಲ ಬಂದು ನೋಡ್ಕೊಂಡು ಹೋಗಿದ್ರೆ ಸಾಕಿತ್ತು. ಇನ್ನೊಬ್ರ ಮಗನಿಗೆ ಐಇಪಿ ಇದೆ, ಅಂದ್ರೆ ವಿಶೇಷ ನೆರವು ಬೇಕಾದ ಮಗುಗೆ ಅಂತಾನೇ ಸ್ಕೂಲ್ ಮಾಡೋ ಕಲಿಕೆ ಯೋಜನೆ, ಸ್ಪೀಚ್ ಥೆರಪಿ, ಪಕ್ಕದಲ್ಲಿ ಕೂರೋ ಏಡ್ (ಸಹಾಯಕರು) ಎಲ್ಲ ಸ್ಕೂಲಲ್ಲಿ ಸಿಗುತ್ತೆ, ಸ್ಕ್ರೀನ್ ಮೇಲೆ ಏಡ್ ಹೆಂಗೆ ಪಕ್ಕದಲ್ಲಿ ಕೂರ್ತಾರೆ ಹೇಳಿ. ಸ್ಕೂಲಲ್ಲಿ ಸಿಗೋ ಬೆಳಗಿನ ತಿಂಡಿ ಮಧ್ಯಾಹ್ನದ ಊಟಾನೇ ಗತಿ ಅನ್ನೋ ಮಕ್ಕಳೂ ನಮ್ಮ ಸ್ಕೂಲಲ್ಲಿದಾರೆ, ಹೊಟ್ಟೆ ಖಾಲಿ ಇಟ್ಕೊಂಡು ಕ್ಯಾಮೆರಾ ಆನ್ ಮಾಡು ಅಂದ್ರೆ ನಂಗೆ ಸಂಕಟ ಆಗುತ್ತೆ. ಸ್ನೋ ಡೇ ಇದ್ದಾಗ್ಲೂ ಆ ಊಟ ಸಿಗ್ತಿರ್ಲಿಲ್ಲ, ಒಪ್ತೀನಿ, ಆದ್ರೆ ಆಗ ಸ್ಕೂಲ್ ನಡೀತಿದೆ ಅಂತ ಯಾರೂ ಬರ್ಕೊಳ್ತಿರ್ಲಿಲ್ಲ.

ಕರೆಂಟ್ ವಿಷ್ಯ ಯಾಕೆ ಯಾರೂ ಮಾತಾಡಲ್ವೋ. ಪುಡಿ ಸ್ನೋ ಬಿದ್ರೆ ತೊಂದ್ರೆ ಇಲ್ಲ, ಒದ್ದೆ ಸ್ನೋ ಅಥ್ವಾ ಫ್ರೀಜಿಂಗ್ ರೈನ್ ಬಂದ್ರೆ ಕೊಂಬೆ ಮುರಿದು ವೈರ್ ಮೇಲೆ ಬೀಳುತ್ತೆ. 2014ರ ಫೆಬ್ರವರಿ ಐಸ್ ಸ್ಟಾರ್ಮಲ್ಲಿ ಫಿಲಡೆಲ್ಫಿಯಾ ಸುತ್ತಮುತ್ತ 7 ಲಕ್ಷಕ್ಕೂ ಹೆಚ್ಚು ಕನೆಕ್ಷನ್‌ಗೆ ಕರೆಂಟ್ ಹೋಗಿತ್ತು, ಕೆಲವ್ರಿಗೆ ಎಷ್ಟೋ ದಿನ ಬರ್ಲಿಲ್ಲ. ರಸ್ತೆ ತುಂಬಾ ಕೆಟ್ಟಿರೋ ದಿನಾನೇ ವೈಫೈ ಹೋಗೋ ಸಾಧ್ಯತೆನೂ ಜಾಸ್ತಿ.

ದೊಡ್ಡ ಪ್ರಮಾಣದಲ್ಲಿ ಏನಾಗುತ್ತೆ ಅಂತ ನೋಡ್ಬೇಕಾದ್ರೆ ನ್ಯೂಯಾರ್ಕ್ ಸಿಟಿ ಇದೆ. 2024ರ ಫೆಬ್ರವರಿ 13ಕ್ಕೆ ಸ್ನೋ ಬರುತ್ತೆ ಅಂತ ಇಡೀ ಊರಿಗೆ ರಿಮೋಟ್ ಅಂದ್ರು, ಸುಮಾರು 9 ಲಕ್ಷ ಮಕ್ಕಳು, ಬೆಳಗ್ಗೆ ಎಲ್ರೂ ಒಟ್ಟಿಗೆ ಲಾಗಿನ್ ಆಗಕ್ಕೆ ಹೋದಾಗ ಒಳಗೇ ಬಿಡ್ಲಿಲ್ಲ. ಆಗಿನ ಸ್ಕೂಲ್ಸ್ ಚಾನ್ಸಲರ್ ಡೇವಿಡ್ ಬ್ಯಾಂಕ್ಸ್ ತಪ್ಪು ಲಾಗಿನ್ ವ್ಯವಸ್ಥೆ ನೋಡ್ಕೊಳೋ ಐಬಿಎಂದು ಅಂತ ಎಲ್ರ ಮುಂದೆ ಹೇಳಿದ್ರು. ನ್ಯೂಯಾರ್ಕ್‌ನವ್ರು ಸ್ನೋ ಡೇ ಕೈಬಿಟ್ಟಿದ್ದಕ್ಕೆ ಕಾರಣಾನೂ ಇದೆ, 180 ದಿನ ತುಂಬಿಸ್ಬೇಕು, ಈದ್, ಲೂನಾರ್ ನ್ಯೂ ಇಯರ್, ಜೂನ್‌ಟೀನ್ತ್ ಅಂತ ರಜೆ ಸೇರ್ತಾ ಬಂತು, 2024ರ ನವೆಂಬರ್ 1ರಿಂದ ನಮ್ಮ ದೀಪಾವಳಿನೂ ಸೇರ್ತು. ದೀಪಾವಳಿಗೆ ರಜೆ ಸಿಗ್ಲಿ ಅಂತ ನಮ್ಮವ್ರು ಎಷ್ಟೋ ವರ್ಷ ಕೇಳ್ಕೊಂಡು ಬಂದಿದ್ದು, ಅದು ಸಿಕ್ಕಿದ್ದು ಒಳ್ಳೇದೇ ಆಯ್ತು, ಕ್ಯಾಲೆಂಡರಲ್ಲಿ ಜಾಗ ಕಮ್ಮಿ ಆಗಿದ್ದೂ ನಿಜ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂತಿದ್ದ ಮಾತು. ಜೋಶುವಾ ಗುಡ್‌ಮನ್ ಅಂತ ಒಬ್ರು ಅರ್ಥಶಾಸ್ತ್ರಜ್ಞರು, ಹಾರ್ವರ್ಡಲ್ಲಿದ್ದಾಗ 2014ರಲ್ಲಿ ಮ್ಯಾಸಚೂಸೆಟ್ಸ್ ಸ್ಕೂಲ್‌ಗಳ ಲೆಕ್ಕ ತೆಗ್ದು ನೋಡಿದ್ರು, ಸ್ನೋಗೆ ಸ್ಕೂಲ್ ಮುಚ್ಚಿದ್ರಿಂದ ಮಕ್ಕಳ ಪರೀಕ್ಷೆ ಅಂಕದ ಮೇಲೆ ಪರಿಣಾಮಾನೇ ಕಾಣ್ಲಿಲ್ಲ. ಆದ್ರೆ ಸ್ಕೂಲ್ ತೆರೆದಿದ್ದು ಮಗು ಒಂದೇ ಬರದೆ ಇದ್ರೆ ಅಂಕ ಇಳಿಯುತ್ತೆ. ಯಾಕೆ ಅಂತ ಯೋಚ್ನೆ ಮಾಡಿ, ಸ್ಕೂಲ್ ಮುಚ್ಚಿದ್ರೆ ಎಲ್ರೂ ಒಂದೇ ಪಾಠ ತಪ್ಪಿಸ್ಕೊಂಡಿರ್ತಾರೆ, ಟೀಚರ್ ಮಾರನೇ ದಿನ ಅಲ್ಲಿಂದ್ಲೇ ಶುರು ಮಾಡ್ತಾರೆ. ಮೂರು ಮಕ್ಕಳು ಮಾತ್ರ ಬಂದಿಲ್ಲ ಅಂದ್ರೆ ಮಿಕ್ಕವ್ರನ್ನ ಬಿಟ್ಟು ಅವ್ರಿಗೆ ಹಿಂದಕ್ಕೆ ಹೋಗಿ ಹೇಳ್ಕೊಡ್ಬೇಕು, ಅದಕ್ಕೆ ಟೈಮೆಲ್ಲಿ. ಇದು ವರ್ಚುವಲ್ ಬರೋಕೆ ಮುಂಚಿನ ಲೆಕ್ಕ, ಇಲ್ಲಿಂದ ಮುಂದೆ ಹೇಳೋದು ನನ್ನ ಅಭಿಪ್ರಾಯ. ವರ್ಚುವಲ್ ದಿನ ಏನು ಮಾಡುತ್ತೆ ಅಂದ್ರೆ ಎಲ್ರೂ ಸಮ ಇದ್ದ ದಿನಾನ ಒಡೆದು ಹಾಕುತ್ತೆ. ಅರ್ಧ ಮಕ್ಕಳು ಪೂರ್ತಿ ಕೂತಿರ್ತಾರೆ, ಕಾಲುಭಾಗ ಬಂದುಹೋಗಿ ಮಾಡ್ತಾರೆ, ಉಳಿದವ್ರು ಬರೋದೇ ಇಲ್ಲ, ಮಾರನೇ ದಿನ ಟೀಚರ್ ಹೊಸ ಪಾಠ ಮುಂದುವರಿಸ್ಬೇಕೋ ಹಳೇದನ್ನ ಮತ್ತೆ ಮಾಡ್ಬೇಕೋ. ನಮ್ಮ ಮಗಳ ಟೀಚರ್ ಮತ್ತೆ ಮೊದ್ಲಿಂದ್ಲೇ ಹೇಳ್ಕೊಡ್ತಾರೆ, ಅದೇ ಸರಿ ಕೂಡ. ಹಂಗಿದ್ಮೇಲೆ ಹಿಂದಿನ ದಿನ ಅಷ್ಟೆಲ್ಲ ಒದ್ದಾಡಿದ್ದು ಯಾಕೆ? ಸಿಗ್ನಲ್ ಇದ್ದವ್ರು, ಮನೇಲಿ ದೊಡ್ಡವ್ರಿದ್ದವ್ರು ಮುಂದೆ ಹೋದ್ರು, ಇಲ್ಲದವ್ರು ಹಿಂದೆ ಬಿದ್ರು, ಅಷ್ಟೇ ಆಗಿದ್ದು.

ಇನ್ನು ಮಕ್ಕಳ ಖುಷಿ. ಇಲ್ಲಿ ಮಕ್ಕಳು ಸ್ನೋ ಬರ್ಲಿ ಅಂತ ಪೈಜಾಮ ಉಲ್ಟಾ ಹಾಕ್ಕೊಂಡು ಮಲಗ್ತಾರೆ, ದಿಂಬಿನ ಕೆಳಗೆ ಚಮಚ ಇಡ್ತಾರೆ, ಕಮೋಡಿಗೆ ಐಸ್ ಕ್ಯೂಬ್ ಹಾಕಿ ಫ್ಲಷ್ ಮಾಡ್ತಾರೆ, ಮಗಳಿಗೆ ಇದನ್ನೆಲ್ಲ ಸ್ಕೂಲಲ್ಲಿ ಫ್ರೆಂಡ್ಸೇ ಹೇಳ್ಕೊಟ್ಟಿದ್ದು. ತೀರ್ಥಹಳ್ಳಿ ಕಡೆ ಬೆಳೆದ ನಂಗೆ ಇದು ಚೆನ್ನಾಗಿ ಅರ್ಥ ಆಗುತ್ತೆ, ಆಷಾಢದ ಮಳೆ ಜೋರಾದ್ರೆ ಹಳ್ಳ ತುಂಬಿ ಕಾಲುಸಂಕ ದಾಟಕ್ಕಾಗಲ್ಲ, ಮಳೆ ರಜೆ ಅಂತ ಸುದ್ದಿ ಬಂದ್ರೆ ಕಂಬಳಿ ಹೊದ್ಕೊಂಡು ಹಲಸಿನ ಹಪ್ಪಳ ತಿನ್ನೋದು. ಈಗ್ಲೂ ಅಲ್ಲಿ ಜಿಲ್ಲಾಧಿಕಾರಿ ಮಳೆ ರಜೆ ಕೊಡ್ತಾರೆ, ಆಮೇಲೆ ಶನಿವಾರ ಪೂರ್ತಿ ದಿನ ಕ್ಲಾಸ್ ಇಟ್ಟು ಸರಿಮಾಡ್ಕೊಳೋದೂ ಇದೆ. ಕೋವಿಡ್ ಟೈಮಲ್ಲಿ ಅದೇ ಮಲೆನಾಡಲ್ಲಿ ಮಕ್ಕಳು ನೆಟ್‌ವರ್ಕ್ ಹುಡುಕ್ಕೊಂಡು ಗುಡ್ಡ ಹತ್ತಿ ಕೊಡೆ ಹಿಡ್ಕೊಂಡು ಆನ್‌ಲೈನ್ ಕ್ಲಾಸ್ ಕೇಳ್ತಿದ್ದಿದ್ದು ಎಲ್ರಿಗೂ ನೆನಪಿರುತ್ತೆ, ಅದಾದ್ಮೇಲೂ ಮಳೆ ರಜೆ ಬದ್ಲು ಮೊಬೈಲ್ ಕ್ಲಾಸ್ ಮಾಡಿ ಅಂತ ಯಾರಾದ್ರೂ ಹೇಳಿದ್ರೆ ಊರವ್ರು ಒಪ್ತಾರಾ?

ಅಮೆರಿಕಾದಲ್ಲೂ ಇದನ್ನ ಅರ್ಥ ಮಾಡ್ಕೊಂಡ ಸ್ಕೂಲ್‌ನವ್ರಿದಾರೆ. 2020ರ ಡಿಸೆಂಬರಲ್ಲಿ, ಎಲ್ಲ ಕಡೆ ಆನ್‌ಲೈನ್ ನಡೀತಿದ್ದಾಗ್ಲೇ, ವೆಸ್ಟ್ ವರ್ಜೀನಿಯಾದ ಜೆಫರ್ಸನ್ ಕೌಂಟಿ ಸ್ಕೂಲ್ಸ್ ಸೂಪರಿಂಟೆಂಡೆಂಟ್ ಬಾಂಡಿ ಶೇ ಗಿಬ್ಸನ್ ಅವ್ರು ಇವತ್ತು ಕ್ಲಾಸ್ ಬೇಡ, ಹೊರಗೆ ಹೋಗಿ ಸ್ನೋಮ್ಯಾನ್ ಮಾಡಿ ಅಂತ ಪತ್ರ ಬರೆದು ಪೂರ್ತಿ ರಜೆ ಕೊಟ್ರು, ದೇಶದ ತುಂಬ ಜನ ಆ ಪತ್ರ ಹಂಚ್ಕೊಂಡ್ರು. ಆನ್‌ಲೈನ್ ಮಾಡೋ ಸೌಕರ್ಯ ಇದ್ದೂ ಬೇಡ ಅಂದ್ರಲ್ಲ, ಅದು ದೊಡ್ಡ ಮಾತು.

ವರ್ಚುವಲ್ ಬೇಕು ಅನ್ನೋರ ಮಾತಲ್ಲೂ ಸತ್ಯ ಇದೆ. ನಮ್ಮಂಥವ್ರಿಗೆ ದೊಡ್ಡದು ಜೂನ್ ತಿಂಗ್ಳು. ಬೆಂಗಳೂರಿಗೆ ಟಿಕೆಟ್ ಜನವರೀಲೇ ಬುಕ್ ಮಾಡ್ಬೇಕು, ಇಲ್ಲಾಂದ್ರೆ ಕೈಗೆ ಸಿಗಲ್ಲ, ಸ್ಕೂಲ್ ಮುಗಿಯೋ ಮಾರನೇ ದಿನಕ್ಕೇ ಎಲ್ರೂ ಬುಕ್ ಮಾಡೋದು. ಫೆಬ್ರವರೀಲಿ ನಾಲ್ಕು ಸ್ನೋ ಡೇ ಆದ್ರೆ ಕೊನೇ ದಿನ ನಾಲ್ಕು ದಿನ ಮುಂದಕ್ಕೆ, ಆಗ ಮಗನ ಫೈನಲ್ಸ್ ತಪ್ಪಿಸ್ಬೇಕು ಅಥ್ವಾ ನಾಲ್ಕು ಟಿಕೆಟ್‌ಗೆ ಚೇಂಜ್ ಫೀ ಕಟ್ಬೇಕು, ಅಜ್ಜಿ ತಾತ ಅಲ್ಲಿ ದಿನ ಎಣಿಸ್ತಿರ್ತಾರೆ. ಎಫ್‌ಐಡಿ ಬಂದ್ಮೇಲೆ ಆ ತಲೆನೋವು ಕಮ್ಮಿ ಆಗಿದೆ. ಆದ್ರೆ 2023ರ ಕೊನೇಲಿ ಪೆನ್ಸಿಲ್ವೇನಿಯಾದಲ್ಲಿ ಆ್ಯಕ್ಟ್ 56 ಅನ್ನೋ ಕಾನೂನು ಬಂದ್ಮೇಲೆ ಸ್ಕೂಲ್‌ಗಳು 180 ದಿನ ಅಥ್ವಾ ಗಂಟೆ ಲೆಕ್ಕ, ಎಲಿಮೆಂಟರಿಗೆ 900 ಗಂಟೆ, ದೊಡ್ಡ ಮಕ್ಕಳಿಗೆ 990, ಯಾವುದನ್ನಾದ್ರೂ ತೋರಿಸಬಹುದು. ದಿನಕ್ಕೆ ಆರು ಗಂಟೆ ಪಾಠ ಮಾಡೋ ಎಲಿಮೆಂಟರಿ ಸ್ಕೂಲಿಗೆ 900 ಗಂಟೆ ಅಂದ್ರೆ 150 ದಿನ. ಒಂದೆರಡು ಸ್ನೋ ಡೇ ಕೊಟ್ರೆ ಮುಳುಗಿಹೋಗೋದು ಏನೂ ಇಲ್ಲ, ಕೊಡಬಹುದು, ಮನಸ್ಸು ಮಾಡ್ಬೇಕು.

ಈಗಾಗ್ಲೇ ಈ ಸರ್ವೀಸಲ್ಲಿ ಸಿಕ್ಕಿರೋ ಪೇರೆಂಟ್ಸ್‌ಗೆ ಒಂದೆರಡು ಮಾತು. ಬ್ಯಾಡ್ಜನ್ನ ಲ್ಯಾಮಿನೇಟ್ ಮಾಡಿ ಫ್ರಿಜ್ ಮೇಲೆ ಅಂಟಿಸಿಡಿ. ಡಿಸೆಂಬರಲ್ಲೇ ಟೀಚರ್‌ಗೆ ಮೇಲ್ ಹಾಕಿ, ಲೈವ್ ಬರಕ್ಕಾಗ್ಲಿಲ್ಲ ಅಂದ್ರೆ ಅಟೆಂಡೆನ್ಸ್‌ಗೆ ಏನು ಕೊಡ್ಬೇಕು, ಎಷ್ಟು ದಿನ ಟೈಮಿದೆ ಅಂತ ಕೇಳ್ಕೊಳಿ, ನಮ್ಮಲ್ಲಿ ಆಮೇಲೆ ಕೊಟ್ರೂ ತಗೋತಾರೆ ಅನ್ನೋದು ಅರ್ಧ ಜನಕ್ಕೆ ಗೊತ್ತೇ ಇಲ್ಲ. ಐಇಪಿ ಇದ್ರೆ ಎಫ್‌ಐಡಿ ದಿನ ಯಾವ ಸರ್ವೀಸ್ ಕೊಡ್ತೀರಾ ಅಂತ ಬರಹದಲ್ಲಿ ಕೇಳಿ. ಎರಡನೇ ಗ್ರೇಡ್ ಮಗುಗೆ ಅವತ್ತು ಎಲ್ಲ ಮುಗಿಸ್ಲೇಬೇಕು ಅಂತ ಕೂರಿಸ್ಬೇಡಿ, ಓದೋ ಪುಸ್ತಕ ಒಂದು ಓದ್ಸಿ ಹೊರಗೆ ಬಿಡಿ, ಬೆಳಕಿರೋದೇ ಐದು ಗಂಟೆವರೆಗೆ.

ಡಿಸ್ಟ್ರಿಕ್ಟ್‌ಗೆ ನಾನು ಬರೆದು ಕೊಟ್ಟಿರೋದು ಇಷ್ಟು: ವರ್ಷದ ಮೊದಲ ಎರಡು ಸ್ನೋ ಡೇ ಎಲ್ರಿಗೂ ಪೂರ್ತಿ ರಜೆ, ಎಫ್‌ಐಡಿ ಏನಿದ್ರೂ ಮೂರನೇದ್ರಿಂದ. ಆರನೇ ಗ್ರೇಡಿಂದ ಮೇಲಕ್ಕೆ ಈಗಿನ ಹಾಗೇ ಲೈವ್ ಇರ್ಲಿ, ಚಿಕ್ಕ ಮಕ್ಕಳಿಗೆ ಲೈವ್ ತೆಗ್ದು ಒಹಾಯೋದವ್ರ ಥರ ಪೇಪರ್ ಪ್ಯಾಕೆಟ್ ಕೊಡಿ, ಒಂದು ವಾರ ಟೈಮ್ ಕೊಡಿ, ಕಾನೂನಲ್ಲೇ ಅವಕಾಶ ಇದೆ. ಮುಂದಿನ ವರ್ಷದ ಕ್ಯಾಲೆಂಡರ್ ಬೋರ್ಡ್ ಮೀಟಿಂಗಿಗೆ ಬರೋ ಮುಂಚೆ ನಿಮ್ಮ ಡಿಸ್ಟ್ರಿಕ್ಟಿಗೂ ಬರೀರಿ. ಪ್ಯಾಕೆಟ್ ಒಂದು ಶುರು ಮಾಡಿದ್ರೂ ಸಾಕು, ಬಂದು ಇನ್ನೊಂದು ಸ್ಟಾರ್ ಸೇರಿಸ್ತೀನಿ.