ಆಕ್ಸಿಜನ್‌ಗೆ ಗೇಜ್ ನೋಡಿ, ಡಿಎಗೆ ತಕ್ಕಡಿ ಕೇಳಿ: ಬಳ್ಳಾರಿಯ ಒಂದು ಗ್ಯಾಸ್ ಏಜೆನ್ಸಿ

ಮುಂಡರಗಿ ಕೈಗಾರಿಕಾ ಪ್ರದೇಶದ ಕಡೆ ಇರುವ ಈ ಏಜೆನ್ಸಿಗೆ ಟ್ರ್ಯಾಲಿ ಕಟ್ಟುವವರು, ಗೇಟು-ಗ್ರಿಲ್ ಮಾಡುವವರು, ಸಿರುಗುಪ್ಪದ ರೈಸ್‌ಮಿಲ್ ರಿಪೇರಿಯವರು ಎಲ್ಲರೂ ಬರುತ್ತಾರೆ. ವೆಲ್ಡಿಂಗ್ ಆಕ್ಸಿಜನ್ನೂ ಸಿಗುತ್ತದೆ, ಡಿಎ ಅಂದರೆ ಕರಗಿಸಿದ ಅಸಿಟಲೀನೂ ಸಿಗುತ್ತದೆ. ಆದರೆ ಎರಡಕ್ಕೂ ಒಂದೇ ಮಾರ್ಕು ಕೊಡುವಂತಿಲ್ಲ.

ಆಕ್ಸಿಜನ್ ಬಗ್ಗೆ ದೂರಿಲ್ಲ. ಕಪ್ಪು ಸಿಲಿಂಡರ್‌ಗಳ ಭುಜದ ಮೇಲಿನ ಟೆಸ್ಟ್ ತಾರೀಕು ಬಣ್ಣದಡಿ ಮುಚ್ಚಿಹೋಗಿಲ್ಲ, ಐದು ವರ್ಷ ಮೀರಿದ್ದನ್ನು ಸಾಲಿನಲ್ಲಿ ಇಟ್ಟಿಲ್ಲ. 46.7 ಲೀಟರ್ ನೀರು ಹಿಡಿಯುವ ಸಿಲಿಂಡರ್‌ಗೆ 150 ಬಾರ್ ಒತ್ತಡದಲ್ಲಿ ತುಂಬಿದರೆ 7 ಘನಮೀಟರ್ ಗ್ಯಾಸು. ಬಿಲ್ಲಿನಲ್ಲೂ ಅಷ್ಟೇ ಬರೆಯುತ್ತಾರೆ. ಸಿಲಿಂಡರ್ ಮೇಲೆ ಒತ್ತಿದ ಅಂಕೆ, ಅಂದರೆ ಪಂಚ್, 40 ಲೀಟರ್ ಅಂತಿದ್ದರೆ ಮಾತ್ರ ಸಿಗುವುದು 6 ಘನಮೀಟರ್, ಅದನ್ನು ಓದಿಯೇ ದುಡ್ಡು ಕೊಡಿ. ಇನ್ನೊಂದು ಲೆಕ್ಕ ನಮ್ಮ ಊರಿನ ಬಿಸಿಲಿನದು. 150 ಬಾರ್ ಅನ್ನುವುದು 15 ಡಿಗ್ರಿಯ ಮಾತು. ಸಿಲಿಂಡರ್ 40 ಡಿಗ್ರಿಗೆ ಕಾದಾಗ ಅದೇ ಗ್ಯಾಸು 163ರ ಹತ್ತಿರ ತೋರಿಸಬೇಕು. ಏಪ್ರಿಲ್ ಮಧ್ಯಾಹ್ನ ಗೇಜಿನ ಮುಳ್ಳು ಸರಿಯಾಗಿ 150ಕ್ಕೆ ನಿಂತರೆ ಶೇ 8ರಷ್ಟು ಗ್ಯಾಸು ಕಡಿಮೆ ಎಂದೇ ಅರ್ಥ. ಇದನ್ನು ಹೇಳಿದರೆ ಕೌಂಟರಿನವರು ಜಗಳ ಮಾಡದೆ ಬೇರೆ ಸಿಲಿಂಡರ್ ಕೊಡುತ್ತಾರೆ.

ಡಿಎಗೆ ಈ ಗೇಜಿನ ಲೆಕ್ಕ ನಡೆಯದು. ಮೆರೂನ್ ಸಿಲಿಂಡರ್‌ನ ಒಳಗೆ ಖಾಲಿ ಜಾಗವಿಲ್ಲ. ಸ್ಪಂಜಿನಂಥ ರಂಧ್ರಗಳ ಗಟ್ಟಿ ಪದಾರ್ಥ, ಅದು ಹೀರಿಕೊಂಡ ಅಸಿಟೋನ್, ಅಸಿಟೋನಿನಲ್ಲಿ ಕರಗಿದ ಗ್ಯಾಸು. ಇಷ್ಟೆಲ್ಲ ಏಕೆಂದರೆ ಅಸಿಟಲೀನ್ ಉರಿಯಲು ಮಾತ್ರ ಗಾಳಿ ಬೇಕು, ಸಿಡಿಯಲು ಬೇಡ. ಬರೀ ಗ್ಯಾಸನ್ನು ಒತ್ತಿದರೆ ತನ್ನಷ್ಟಕ್ಕೆ ಇಂಗಾಲ, ಜಲಜನಕವಾಗಿ ಒಡೆದು ಶಾಖ ಉಗುಳುತ್ತದೆ. ಒತ್ತಡ ಇಳಿಸುವ ರೆಗ್ಯುಲೇಟರ್‌ನಿಂದಾಚೆ 1 ಬಾರ್ ದಾಟಿಸಬೇಡಿ ಎನ್ನುವುದು ಅದಕ್ಕೇ. ಇಂಥ ರಂಧ್ರದ ಪದಾರ್ಥವನ್ನು ರೂಪಿಸಿದ ಸ್ವೀಡನ್ನಿನ ಗುಸ್ತಾಫ್ ಡಾಲೆನ್ 1912ರಲ್ಲಿ ಅಸಿಟಲೀನ್ ಪ್ರಯೋಗದ ಸ್ಫೋಟದಲ್ಲೇ ಕಣ್ಣು ಕಳೆದುಕೊಂಡರು. ಅದೇ ವರ್ಷ ಭೌತಶಾಸ್ತ್ರದ ನೊಬೆಲ್ ಬಂತು.

ಕರಗಿದ ಗ್ಯಾಸಿನ ಒತ್ತಡ ಬಿಸಿಲಿನ ಜೊತೆ ಏರಿಳಿಯುವುದರಿಂದ ಡಿಎಯನ್ನು ತೂಕದಲ್ಲೇ ಕೊಳ್ಳಬೇಕು. ಒಟ್ಟು ತೂಕದಲ್ಲಿ ಪಂಚ್ ಮಾಡಿದ ಟೇರ್ (ಗ್ಯಾಸಿಲ್ಲದ ಸಿಲಿಂಡರ್‌ನ ತೂಕ) ಕಳೆದರೆ ಉಳಿದದ್ದು ಗ್ಯಾಸು. 1 ಕಿಲೋ ಎಂದರೆ ಸುಮಾರು 0.9 ಘನಮೀಟರ್. ಇಲ್ಲಿ ತಕ್ಕಡಿ ಇದೆ, ಗೋದಾಮಿನ ಹಿಂದುಗಡೆ. ಕೇಳದಿದ್ದರೆ "ಫುಲ್ ಐತಿ ಸಾರ್" ಅಂತ ಉರುಳಿಸಿಕೊಂಡು ಬರುತ್ತಾರೆ. ಕೇಳಿದರೆ ತೂಗುತ್ತಾರೆ, ಮುಖ ಸ್ವಲ್ಪ ಗಂಟಾಗುತ್ತದೆ ಅಷ್ಟೆ.

ಡೆಲಿವರಿಯಲ್ಲಿ ಮಾತ್ರ ಪೂರ್ತಿ ಫೇಲು. ಟೆಂಪೋದಲ್ಲಿ ಡಿಎ ಸಿಲಿಂಡರ್‌ಗಳನ್ನು ಮಲಗಿಸಿ ತರುತ್ತಾರೆ. ಮಲಗಿದ್ದನ್ನು ಎಬ್ಬಿಸಿ ತಕ್ಷಣ ಹಚ್ಚಿದರೆ ಗ್ಯಾಸಿನ ಜೊತೆ ಅಸಿಟೋನ್ ಬರುತ್ತದೆ: ಜ್ವಾಲೆ ಹದ ತಪ್ಪುತ್ತದೆ, ರೆಗ್ಯುಲೇಟರ್ ಒಳಗಿನ ರಬ್ಬರು ಮೆತ್ತಗಾಗುತ್ತದೆ, ಸಿಲಿಂಡರ್‌ನಲ್ಲಿ ಅಸಿಟೋನ್ ಕಡಿಮೆಯಾಗಿ ಮುಂದಿನ ಫಿಲ್ಲಿಂಗ್ ಅಪಾಯಕ್ಕೆ ಬೀಳುತ್ತದೆ. ಎಷ್ಟು ಹೊತ್ತು ಮಲಗಿತ್ತೋ ಕನಿಷ್ಠ ಅಷ್ಟು ಹೊತ್ತು ನಿಲ್ಲಿಸಿ, ರಾತ್ರಿಯಿಡೀ ನಿಲ್ಲಿಸಿದರೆ ಇನ್ನೂ ಮೇಲು. ದೊಡ್ಡ ಹೀಟಿಂಗ್ ನಾಜಲ್ ಹಾಕಿ ಗ್ಯಾಸನ್ನು ಜೋರಾಗಿ ಎಳೆದರೂ ಇದೇ ಕಥೆ, ಅಸಿಟೋನ್ ಬರುತ್ತದೆ. ಗಂಟೆಗೆ ಒಳಗಿರುವ ಗ್ಯಾಸಿನ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಎಳೆಯಬಾರದು. 6 ಕಿಲೋ ತುಂಬಿದ್ದರೆ ಗಂಟೆಗೆ 770 ಲೀಟರ್ ಒಳಗೇ ಇರಲಿ. ಅದಕ್ಕಿಂತ ಬೇಕಾದರೆ ಎರಡು ಸಿಲಿಂಡರ್‌ಗಳನ್ನು ಒಂದೇ ಪೈಪಿಗೆ ಜೋಡಿಸುವ ಮ್ಯಾನಿಫೋಲ್ಡ್ ಕಟ್ಟಿಸಿ.

ಬಿಡಿಭಾಗಗಳ ಕೌಂಟರ್ ಮಿಶ್ರ. ರೆಗ್ಯುಲೇಟರ್, ಟಾರ್ಚು, ಕೆಂಪು-ನೀಲಿ ಹೋಸು ಎಲ್ಲ ಚೆನ್ನಾಗಿವೆ. ಡಿಎ ನಟ್ಟಿಗೆ ಎಡ ಮರೆ (ಥ್ರೆಡ್), ಅಂಚಿನಲ್ಲಿ ಕಚ್ಚು. ಆಕ್ಸಿಜನ್ನಿನದಕ್ಕೆ ಬಲ ಮರೆ. ಆದರೆ ಡಿಎ ಹೋಸಿನ ಪಕ್ಕದ ಡಬ್ಬಿಯಲ್ಲೇ ತಾಮ್ರದ ಪೈಪು ತುಂಡು ಇಟ್ಟಿದ್ದಾರೆ, ಹೋಸು ಹರಿದರೆ ಜೋಡಿಸಿಕೊಳ್ಳಿ ಅಂತ. ಅದನ್ನು ಮುಟ್ಟಬೇಡಿ. ತಾಮ್ರ ಮತ್ತು ಅಸಿಟಲೀನ್ ಸೇರಿ, ಸಣ್ಣ ಏಟಿಗೂ ಸಿಡಿಯುವ ಅಸಿಟಲೈಡ್ ಪದರ ಕಟ್ಟುತ್ತದೆ. ಹರಿದ ಹೋಸು ಬದಲಾಯಿಸಿ. ಹಿಂದಕ್ಕೆ ನುಗ್ಗುವ ಬೆಂಕಿಯನ್ನು ತಡೆಯುವ ಫ್ಲ್ಯಾಷ್‌ಬ್ಯಾಕ್ ಅರೆಸ್ಟರ್ ಕಿಟ್‌ನಲ್ಲಿ ಬರುವುದಿಲ್ಲ, ಬೇರೆಯಾಗಿ ಕೇಳಿ, ಎರಡೂ ರೆಗ್ಯುಲೇಟರ್‌ಗೂ ಒಂದೊಂದು. ಸೋರಿಕೆ ಪತ್ತೆಗೆ ಸೋಪುನೀರು ಸಾಕು; ಆಕ್ಸಿಜನ್ ಕಡೆ ಎಣ್ಣೆ, ಗ್ರೀಸು ಸೋಕಕೂಡದು.

ಬರೀ ಪ್ಲೇಟು ಕತ್ತರಿಸುವ ಕೆಲಸವಿದ್ದವರಿಗೆ ಡಿಎ ಖರ್ಚೇ ಬೇಡ. ಎಲ್‌ಪಿಜಿ-ಆಕ್ಸಿಜನ್ ಸೆಟ್ ಇಲ್ಲೇ ಸಿಗುತ್ತದೆ, ಪ್ಲೇಟು ಕೆಂಪಾಗಲು ತುಸು ಹೆಚ್ಚು ಹೊತ್ತು, ಅಷ್ಟೇ. ಗ್ಯಾಸ್ ವೆಲ್ಡಿಂಗ್ ಇದ್ದರೆ ಡಿಎ ಬಿಟ್ಟು ಗತಿಯಿಲ್ಲ.

ಡಿಎ ವಾಲ್ವಿನ ಕೀ ಜೊತೆಯಲ್ಲೇ ಕೊಡುತ್ತಾರೆ. ವಾಲ್ವನ್ನು ಮುಕ್ಕಾಲು ಸುತ್ತು ತೆರೆದು, ಕೀಯನ್ನು ಅದರ ಮೇಲೇ ಬಿಡಿ. ಸಿಲಿಂಡರ್ ಮರಳಿಸುವಾಗ ಪೂರ್ತಿ ಬರಿದು ಮಾಡದೆ ಸ್ವಲ್ಪ ಒತ್ತಡ ಉಳಿಸಿ ವಾಲ್ವು ಮುಚ್ಚಿರಿ, ಒಳಗೆ ಗಾಳಿ ಹೋಗಬಾರದು. ಉಳಿದ ಆ ಗ್ಯಾಸಿಗೆ ಇವರು ಒಂದು ಪೈಸೆಯೂ ಮುರಿದುಕೊಡುವುದಿಲ್ಲ.