ಮೂರು ವರ್ಷ ಐಒಟಿ ಈವೆಂಟ್ಸ್ ಕೈಲಿ ಹಾಲಿನ ಕೂಲರ್ ಕಾಯ್ಸಿದ್ದು

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಓದಿ ಎಡಬ್ಲ್ಯೂಎಸ್ ಐಒಟಿ ಈವೆಂಟ್ಸ್ (ಸೆನ್ಸರ್‌ಗಳು ಕಳ್ಸೋ ಮೆಸೇಜ್ ನೋಡ್ತಾ ಅಲಾರ್ಮ್ ಕೊಡೋ ಅಮೆಜಾನಿನ ಕ್ಲೌಡ್ ಸೇವೆ) ಶುರು ಮಾಡೋಣ ಅಂದ್ಕೊಂಡ್ರೆ ಆಗಲ್ಲ, 2025ರ ಮೇ 20ರಿಂದ ಹೊಸಬ್ರನ್ನ ತಗೋತಿಲ್ಲ, ಹಳಬ್ರಿಗೂ 2026ರ ಮೇ 20ಕ್ಕೆ ಸಪೋರ್ಟ್ ಮುಗಿಯುತ್ತೆ ಅಂತ ನೋಟಿಸ್ ಕೊಟ್ಟಿದ್ರು. ಆದ್ರೂ ಬರೀತಿದೀನಿ, ಯಾಕಂದ್ರೆ ಇದೇ ಕೆಲ್ಸಾನ ನೀವೇ ಕೋಡ್ ಬರ್ದು ಮಾಡ್ಕೊಂಡ್ರೂ ನಾನು ಬಿದ್ದ ಗುಂಡಿಗಳು ಅಲ್ಲೂ ಇರ್ತವೆ.

ನಮ್ದು ಸಣ್ಣ ಟೀಮು. ಹಳ್ಳಿ ಡೈರಿಗಳಲ್ಲಿ ಬಿಎಂಸಿ, ಅಂದ್ರೆ ಬಲ್ಕ್ ಮಿಲ್ಕ್ ಕೂಲರ್ ಇರುತ್ತಲ್ಲ, ಹಾಲು ತಣ್ಣಗಿಡೋ ದೊಡ್ಡ ಸ್ಟೀಲ್ ಟ್ಯಾಂಕು, ಅದಕ್ಕೆ ಟೆಂಪರೇಚರ್ ಸೆನ್ಸರ್ ಹಾಕಿ ದೂರದಿಂದ ನೋಡ್ಕೊಳ್ಳೋದು. ಹಾಲು 4 ಡಿಗ್ರಿ ಆಸುಪಾಸಲ್ಲಿರ್ಬೇಕು. ಮೊದ್ಲು 6 ದಾಟಿದ್ರೆ ಎಸ್ಸೆಮ್ಮೆಸ್ ಅಂತ ಒಂದೇ ರೂಲ್ ಹಾಕಿದ್ವಿ. ಆದ್ರೆ ದಿನಾ ಎರಡು ಹೊತ್ತು ಆಗಷ್ಟೇ ಕರೆದ ಬೆಚ್ಚನೆ ಹಾಲು ಸುರೀತಾರೆ, ಟೆಂಪರೇಚರ್ ಏರ್ದೇ ಇರುತ್ತಾ, ಏರಿದಾಗೆಲ್ಲ ಮೆಸೇಜು. ಒಬ್ರು ಸೆಕ್ರೆಟ್ರಿ ಫೋನ್ ಮಾಡಿ "ಸಾರ್, ಹಾಲು ಹಾಕ್ತಿದಾರೆ ಅಂತ ನಂಗೆ ಗೊತ್ತು ಬಿಡಿ, ನಾನೇ ಅಳೀತಿದೀನಿ" ಅಂದ್ರು. ಒಂದು ವಾರದಲ್ಲಿ ಎಲ್ಲಾ ಡೈರಿಯಲ್ಲೂ ನಮ್ಮ ನಂಬರ್ ಮ್ಯೂಟು.

ನಮ್ಗೆ ಬೇಕಾಗಿದ್ದು ಏರಿದ್ದು ಟೈಮಿಗೆ ಇಳೀದೇ ಇದ್ರೆ ಕೂಗೋ ಅಲಾರ್ಮು. ಅದಕ್ಕೆ ಐಒಟಿ ಈವೆಂಟ್ಸಿನ ಡಿಟೆಕ್ಟರ್ ಮಾಡೆಲ್ ಹೇಳಿ ಮಾಡ್ಸಿದಂಗಿತ್ತು. 'ತಣ್ಣಗಿದೆ', 'ತುಂಬ್ತಿದೆ', 'ತೊಂದ್ರೆ', 'ಸುದ್ದಿ ಇಲ್ಲ' ಅಂತ ಸ್ಟೇಟ್‌ಗಳನ್ನ (ಕೂಲರ್ ಇರೋ ಸ್ಥಿತಿಗಳನ್ನ) ಸ್ಕ್ರೀನ್ ಮೇಲೆ ಗುಂಡಗೆ ಬರ್ದು, ಮಧ್ಯೆ ಬಾಣ ಎಳ್ದು, ಒಂದೊಂದು ಬಾಣಕ್ಕೂ ಕಂಡೀಷನ್ ಕೊಡೋದು, ಅಷ್ಟೇ. 'ತುಂಬ್ತಿದೆ' ಒಳಗೆ ಕಾಲಿಟ್ಟ ತಕ್ಷಣ ಓಡೋ ಆನ್‌ಎಂಟರ್ ಅನ್ನೋ ಭಾಗದಲ್ಲಿ 10800 ಸೆಕೆಂಡಿನ ಟೈಮರ್, ಅಂದ್ರೆ ಮೂರು ಗಂಟೆ. ಅಷ್ಟ್ರಲ್ಲಿ ತಣ್ಣಗಾದ್ರೆ ಟೈಮರ್ ಕ್ಲಿಯರ್, ಆಗ್ಲಿಲ್ಲ ಅಂದ್ರೆ 'ತೊಂದ್ರೆ'ಗೆ ಹೋಗಿ ಎಸ್ಎನ್ಎಸ್ (ಎಡಬ್ಲ್ಯೂಎಸ್‌ನ ಮೆಸೇಜ್ ಕಳ್ಸೋ ಸೇವೆ) ಮೂಲಕ ಮೆಸೇಜು. ಟೈಮರ್ 60 ಸೆಕೆಂಡಿಗಿಂತ ಕಮ್ಮಿ ಇಡಕ್ಕೆ ಬಿಡಲ್ಲ, ಹಾಲಿಗೆ ಅದೇನೂ ತೊಂದ್ರೆ ಇಲ್ಲ, ಫ್ಯಾಕ್ಟರಿ ಮಿಷಿನ್ ಆಗಿದ್ರೆ ಕಷ್ಟ. ನಂಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಆ ಚಿತ್ರಾನೇ. ಡೈರಿಯವ್ರಿಗೆ ಅದನ್ನ ಪ್ರಿಂಟ್ ಹಾಕಿ ತೋರ್ಸಿದ್ರೆ "ಕರೆಂಟ್ ಹೋಗಿ ಜನರೇಟರ್ ಸ್ಟಾರ್ಟ್ ಮಾಡೋ ತನಕ ಯಾವುದ್ರಲ್ಲಿರುತ್ತೆ ಇದು?" ಅಂತ ಅವ್ರೇ ಕೇಳಿದ್ರು. ನಾವು ಯೋಚ್ನೇನೇ ಮಾಡಿರ್ಲಿಲ್ಲ.

ಇನ್ನು ಪೆಟ್ಟು ತಿಂದಿದ್ದು. ಕೀ ಅಂತ ಒಂದಿದೆ, ಬರೋ ಮೆಸೇಜಲ್ಲಿ ಯಾವ ಫೀಲ್ಡ್ ನೋಡಿ ಬೇರೆಬೇರೆ ಡಿಟೆಕ್ಟರ್ (ಆ ಚಿತ್ರದ ಪ್ರಕಾರ ಓಡೋ ಒಂದೊಂದು ಕಾವಲುಗಾರ) ಹುಟ್ಸ್ಬೇಕು ಅನ್ನೋದು. ನಾನು ಜಾಣ ಅಂದ್ಕೊಂಡು ಡೈರಿ ಕೋಡ್ ಕೊಟ್ಟೆ. ಒಂದು ಡೈರಿಯಲ್ಲಿ ಎರಡು ಕೂಲರ್ ಇತ್ತು, ಎರಡರ ಲೆಕ್ಕಾನೂ ಒಂದೇ ಡಿಟೆಕ್ಟರಿಗೆ ಹೋಗಿ ಒಂದ್ಸಲ 4, ಮುಂದಿನ ಸಲ 19, ಮತ್ತೆ 4, ದೆವ್ವ ಹಿಡಿದಂಗೆ ಸ್ಟೇಟ್ ಕುಣೀತಿತ್ತು. ಮಾಡೆಲ್ ಅಪ್‌ಡೇಟಲ್ಲಿ ಕೀ ಬದಲಾಯ್ಸಕ್ಕೆ ಜಾಗ ಇಲ್ಲ, ಹೊಸ ಮಾಡೆಲ್ಲೇ ಮಾಡ್ಬೇಕಾಯ್ತು. ಡಿವೈಸ್ ಐಡಿ ಕೊಡಿ, ಜಾಣತನ ಬೇಡ.

ಎರಡ್ನೇದು ಬ್ಯಾಚ್, ಸೀರಿಯಲ್ ಅನ್ನೋ ಆಯ್ಕೆ, ಕಂಡೀಷನ್‌ಗಳನ್ನೆಲ್ಲ ಒಟ್ಟಿಗೆ ನೋಡೋದಾ, ಒಂದಾದ್ಮೇಲೊಂದು ನೋಡೋದಾ ಅನ್ನೋದು. ಒಂದು ಈವೆಂಟಲ್ಲಿ (ಸ್ಟೇಟೊಳಗೆ ಬರೆಯೋ ಒಂದು ಕಂಡೀಷನ್, ಅದಕ್ಕೊಂದು ಕೆಲ್ಸ) ಕೌಂಟ್ ಹೆಚ್ಚಿಸಿ ಅದೇ ಸ್ಟೇಟಿನ ಮುಂದಿನ ಈವೆಂಟಲ್ಲಿ ಆ ಕೌಂಟ್ ನೋಡಿದ್ರೆ, ಬ್ಯಾಚಲ್ಲಿ ಹಳೇ ಬೆಲೇನೇ ಕಾಣುತ್ತೆ, ಕಂಡೀಷನ್ ಎಲ್ಲಾ ನೋಡಾದ್ಮೇಲೇನೇ ವೇರಿಯಬಲ್ ಬದಲಾಗೋದು. ಮೂರು ಸಲ ಬಿಸಿ ಬಂದ್ರೆ ಅಂತ ಬರ್ದಿದ್ದು ನಾಲ್ಕನೇ ಸಲಕ್ಕೆ ಎದ್ದೇಳ್ತಿತ್ತು. ಸೀರಿಯಲ್ ಮಾಡಿದ್ಮೇಲೆ ಸರಿಹೋಯ್ತು.

ಮೂರನೇದು ಮರೆಯಲ್ಲ. ಮಾಡೆಲ್ ಅಪ್‌ಡೇಟ್ ಮಾಡಿದ್ರೆ ಓಡ್ತಿರೋ ಡಿಟೆಕ್ಟರ್‌ಗಳೆಲ್ಲ ಅಳಿಸಿಹೋಗ್ತವೆ, ಆಮೇಲೆ ಒಂದೊಂದು ಡಿವೈಸಿಂದ ಹೊಸ ಮೆಸೇಜ್ ಬಂದ ಹಾಗೆ ಮತ್ತೆ ಹುಟ್ತವೆ. ಡಾಕ್ಯುಮೆಂಟೇಶನಲ್ಲಿ ಸ್ಪಷ್ಟವಾಗೇ ಬರ್ದಿದಾರೆ, ಓದ್ದೇ ಇದ್ದಿದ್ದು ನನ್ ತಪ್ಪು. ಒಂದು ಶುಕ್ರವಾರ ಸಂಜೆ ಮೆಸೇಜಿನ ಸ್ಪೆಲ್ಲಿಂಗ್ ತಿದ್ದಿ ಅಪ್‌ಡೇಟ್ ಒತ್ತಿ ಮನೆಗ್ ಹೋದೆ. ಆಗ್ಲೇ ಒಂದು ಕೂಲರ್ ಕರೆಂಟ್ ಹೋಗಿ 'ಸುದ್ದಿ ಇಲ್ಲ' ಸ್ಟೇಟಲ್ಲಿತ್ತು, ಅರ್ಧ ಗಂಟೆಗೊಂದು ಸಲ ನೆನಪಿನ ಮೆಸೇಜ್ ಕಳಿಸ್ತಿತ್ತು. ಡಿಟೆಕ್ಟರ್ ಹೋಯ್ತು, ಅದ್ರ ಜೊತೆ ಟೈಮರ್ರೂ ಹೋಯ್ತು, ಡಿವೈಸಿಂದ ಮೆಸೇಜೇ ಬರ್ತಿಲ್ಲ ಅಂದ್ಮೇಲೆ ಮತ್ತೆ ಹುಟ್ಟೋದೆಲ್ಲಿ? ರಾತ್ರಿಯೆಲ್ಲ ನಿಶ್ಶಬ್ದ, ಡ್ಯಾಶ್‌ಬೋರ್ಡಲ್ಲಿ ಒಂದೂ ಕೆಂಪಿಲ್ಲ, ನಂಗೆ ಸೊಗಸಾದ ನಿದ್ದೆ. ಬೆಳಿಗ್ಗೆ ಹಾಲು ಒಡೆದಿತ್ತು. ಆಮೇಲಿಂದ ಪ್ರತಿ ಅಪ್‌ಡೇಟ್ ಆದ ತಕ್ಷಣ ಎಲ್ಲಾ ಡಿವೈಸ್ ಹೆಸರಲ್ಲೂ ನಾವೇ ಒಂದೊಂದು ಸುಳ್ಳು ಮೆಸೇಜ್ ಕಳ್ಸಿ ಡಿಟೆಕ್ಟರ್ ಎಬ್ಬಿಸ್ತಿದ್ವಿ. ಹೊಸದಾಗಿ ಹಾಕಿ ಇನ್ನೂ ಒಂದು ಸಲಾನೂ ಮಾತಾಡದ ಸೆನ್ಸರಿಗೂ ಇದೇ ಉಪಾಯ.

ಮೂರು ವರ್ಷಕ್ಕೆ 5ರಲ್ಲಿ 3.5 ಕೊಡ್ತೀನಿ, ಚಿತ್ರ ಬರೆಯೋದೊಂದಕ್ಕೇ ಆದ್ರೆ 5.

ಈಗ ಮಾಡೆಲ್ಲನ್ನ ಜೇಸನ್ ಫೈಲ್ ಆಗಿ ಇಳಿಸ್ಕೊಂಡು ಎಡಬ್ಲ್ಯೂಎಸ್‌ನ ಬೇರೆ ಸೇವೆಗಳಲ್ಲಿ ಮತ್ತೆ ಬರೀತಿದೀವಿ, ಕೋಡ್ ಓಡ್ಸಕ್ಕೆ ಲ್ಯಾಂಬ್ಡಾ, ಕೂಲರಿಗೊಂದು ಸಾಲು ಡೈನಮೋಡಿಬಿ ಡೇಟಾಬೇಸಲ್ಲಿ, ಟೈಮರ್ ಕೆಲ್ಸಕ್ಕೆ ಈವೆಂಟ್‌ಬ್ರಿಡ್ಜ್ ಶೆಡ್ಯೂಲರ್. ಹಳೇದು ಹೊಸದು ಎರಡನ್ನೂ ಜೊತೆಗೇ ಓಡಿಸಿ ಹೋಲಿಸ್ತಿದೀವಿ. ಒಂದು ಕಡೆ ಇನ್ನೂ ತಾಳೆ ಆಗ್ತಿಲ್ಲ, ಟ್ಯಾಂಕರ್ ಬಂದು ಹಾಲು ತಗೊಂಡ್ ಹೋದ್ಮೇಲೆ ಕೂಲರನ್ನ ಬಿಸಿನೀರಲ್ಲಿ ತೊಳೀತಾರಲ್ಲ, ಹೊಸ ಕೋಡು ಅದನ್ನ ಹಾಲು ಅಂದ್ಕೊಂಡು ಮೂರು ಗಂಟೆ ಎಣಿಸಕ್ಕೆ ಶುರು ಮಾಡುತ್ತೆ.